ಪುರವಣಿ ಬಂದರೆ ಮಾತ್ರ ಆಟವೆ?

ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿಸುವವರನ್ನು ಕಂಡು ನಮ್ಮ ಹಿರಿಯರು ನಗುತ್ತಿದ್ದರು. ಆದರೆ ಆ ಕುಲಾವಿಯ ಬಣ್ಣ ಯಾವುದಾಗಿರಬೇಕು, ಅದರ ಲಾಡಿ ಎಷ್ಟು ಉದ್ದವಿರಬೇಕು ಎಂದು ನಾಲ್ಕು ತಿಂಗಳು ಹಗಲಿರುಳು ಜಗಳವಾಡಿದವರನ್ನು ಅವರು ಕಂಡಿರಲಾರರು. 2022ನೆಯ ಇಸವಿಯ ಏಪ್ರಿಲಿನಿಂದ ಆಗಸ್ಟಿನವರೆಗೆ ಅಮೆರಿಕದಲ್ಲಿ, ಇಂಗ್ಲಿಷ್ ಓದಬಲ್ಲ ಇತರ ದೇಶಗಳಲ್ಲಿಯೂ, ಬುದ್ಧಿವಂತರೂ ಸಂಸಾರವಂದಿಗರೂ ಆದ ಸಹಸ್ರಾರು ಮಂದಿ ಮಾಡಿದ್ದು ಈ ಕೆಲಸವನ್ನೇ. ಅವರು ದಾರಿ ಕಾಯುತ್ತಿದ್ದ ಕೂಸು ಒಂದು ಪುಸ್ತಕ. ಸರಿಯಾಗಿ ಹೇಳುವುದಾದರೆ, ಆಟವೊಂದರ ಮೂಲ ಪುಸ್ತಕಕ್ಕೆ ಪೂರಕವಾಗಿ ಹೊರಡಲಿದ್ದ ಇನ್ನೊಂದು ಪುಸ್ತಕ. ಅದರ ಹೆಸರು ಸ್ಪೆಲ್‌ಜ್ಯಾಮರ್. ಹಳೆಯ ಪುಸ್ತಕದಲ್ಲಿದ್ದ ಸ್ಫಟಿಕ ಗೋಳಗಳು ಹೊಸದರಲ್ಲಿ ಉಳಿಯುತ್ತವೆಯೆ? ಆಕಾಶದಲ್ಲಿ ತೇಲುವ ಹಡಗುಗಳು ಒಂದನ್ನೊಂದು ಎದುರಿಸಿದಾಗ ಯುದ್ಧದ ನಿಯಮ ಹೇಗಿರುತ್ತದೆ? ಕರಡಿಯಷ್ಟು ದೊಡ್ಡದಾದ ಹ್ಯಾಮ್‌ಸ್ಟರ್ ಇಲಿಗೆ ಅದರಲ್ಲಿ ಸ್ಥಾನವುಂಟೆ? ಪುಸ್ತಕವಿನ್ನೂ ಅಂಗಡಿಗೆ ಬಂದಿಲ್ಲ. ಅದರ ಮೇಲೆ ಮಂಡನ ಖಂಡನಗಳೆಲ್ಲ ಮುಗಿದುಹೋಗಿದ್ದವು.

ನಗುವುದು ಸುಲಭ. ದೊಡ್ಡವರಾದ ಮೇಲೂ ಆಟವೆ, ಅದರಲ್ಲೂ ಮಾಟಗಾರರ ಬೇತಾಳಗಳ ಆಟವೆ ಎಂದು ಮೂಗು ಮುರಿಯುವ ಮಹನೀಯರು ನಮ್ಮಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ಅವರ ಪಂಕ್ತಿಯಲ್ಲಿ ಎಲೆ ಹಾಕಿಸಿಕೊಳ್ಳುವ ಇಚ್ಛೆ ನನಗಿಲ್ಲ. ಕ್ರಿಕೆಟ್ ಪಂದ್ಯದ ಹಿಂದಿನ ದಿನ ಯಾರನ್ನು ಆಡಿಸಬೇಕು, ಯಾರನ್ನು ಬಿಡಬೇಕು ಎಂದು ಕಾಫಿ ಹೋಟೆಲಿನಲ್ಲಿ ಗಂಟೆಗಟ್ಟಲೆ ವಾದಿಸುವವರಿಗೆ ಈ ಜನರನ್ನು ಹಾಸ್ಯ ಮಾಡುವ ಅಧಿಕಾರ ಎಲ್ಲಿಯದು? ನನ್ನ ತಕರಾರು ಬೇರೆ. ಆಟದ ಮೇಲೆ ನನಗೆ ಗೌರವವುಂಟು. ಗೌರವವಿರುವುದರಿಂದಲೇ ಈ ಕಾಯುವಿಕೆಯ ಮೇಲೆ ಕೋಪ.

ಆಟವನ್ನು ಅರಿಯದ ವಾಚಕರಿಗಾಗಿ ಎರಡು ಮಾತು. ನಾಲ್ಕೈದು ಜನ ಮೇಜಿನ ಸುತ್ತ ಕುಳಿತುಕೊಳ್ಳುತ್ತಾರೆ. ಒಬ್ಬನು ಕಥೆ ನಡೆಸುವವನು. ಉಳಿದವರು ಒಬ್ಬೊಬ್ಬರೂ ಒಂದೊಂದು ಪಾತ್ರ: ಒಬ್ಬ ಯೋಧ, ಒಬ್ಬಳು ಮಂತ್ರವಾದಿನಿ, ಇನ್ನೊಬ್ಬ ಕಳ್ಳ. “ಹಾಳು ಕೋಟೆಯ ಹೆಬ್ಬಾಗಿಲಲ್ಲಿ ನಿಂತಿದ್ದೀರಿ, ಒಳಗಿನಿಂದ ಹೊಗೆ ಬರುತ್ತಿದೆ, ಏನು ಮಾಡುತ್ತೀರಿ?” ಎಂದು ನಡೆಸುವವನು ಕೇಳುತ್ತಾನೆ. ಯೋಧ ಬಾಗಿಲು ಒಡೆಯುತ್ತೇನೆ ಎನ್ನುತ್ತಾನೆ. ಕಳ್ಳ ಗೋಡೆ ಹತ್ತುತ್ತೇನೆ ಎನ್ನುತ್ತಾನೆ. ಹತ್ತಿದನೋ ಬಿದ್ದನೋ ಎಂಬುದನ್ನು ಇಪ್ಪತ್ತು ಮುಖದ ದಾಳ ಹೇಳುತ್ತದೆ. ಗೆದ್ದವರಿಲ್ಲ, ಸೋತವರಿಲ್ಲ. ಹೀಗೆ ವಾರಕ್ಕೊಮ್ಮೆ ಕುಳಿತು, ಕೆಲವೊಮ್ಮೆ ವರ್ಷಗಟ್ಟಲೆ, ಯಾರೂ ಮೊದಲೇ ಬರೆದಿಡದ ಒಂದು ಕಥೆಯನ್ನು ಎಲ್ಲರೂ ಕೂಡಿ ಕಟ್ಟುತ್ತಾರೆ. ಈ ಜಾತಿಯ ಆಟಗಳಲ್ಲಿ ಮೊದಲನೆಯದೂ ದೊಡ್ಡದೂ ಡಂಜನ್ಸ್ ಅಂಡ್ ಡ್ರಾಗನ್ಸ್. ಅದನ್ನು ಆಡಲು ಬೇಕಾದದ್ದು ನಿಯಮಗಳ ಮೂಲ ಪುಸ್ತಕ, ದಾಳ, ಕಾಗದ, ಪೆನ್ಸಿಲು, ಮತ್ತು ಬಾಯಿ. ಅದರ ಮೇಲೆ ಹೊಸ ನಾಡು, ಹೊಸ ಪ್ರಾಣಿ, ಹೊಸ ಮಂತ್ರಗಳನ್ನು ತುಂಬಿಕೊಂಡು ಆಗಾಗ ಬರುವ ಹೆಚ್ಚಿನ ಗ್ರಂಥಗಳಿಗೆ ಸಪ್ಲಿಮೆಂಟ್ ಎಂದು ಹೆಸರು. ಕನ್ನಡದಲ್ಲಿ ಪುರವಣಿ ಎನ್ನೋಣ. ಪುರವಣಿಯಲ್ಲಿ ಬರೆಯುತ್ತ ಪುರವಣಿಯನ್ನೇ ಹಳಿಯುವುದು ಉಂಡ ಮನೆಗೆ ಎರಡೆಣಿಸಿದ ಹಾಗೆ ಎಂದು ಸಂಪಾದಕರು ಭಾವಿಸಬಾರದು. ಪತ್ರಿಕೆಯ ಪುರವಣಿ ಒಂದು ವಾರ ಬಾರದಿದ್ದರೆ ವಾಚಕರು ಅರ್ಧ ಗಂಟೆ ಬೇಸರಪಟ್ಟಾರು. ಭಾನುವಾರವನ್ನೇ ಮುಂದಕ್ಕೆ ಹಾಕಲಾರರು. ನಾನು ಹೇಳುತ್ತಿರುವ ಜನ ಭಾನುವಾರವನ್ನೇ ಮುಂದಕ್ಕೆ ಹಾಕುತ್ತಿದ್ದಾರೆ.

ಈ ಕಥೆಯ ಆದಿಯಲ್ಲೇ ಒಂದು ಸೋಜಿಗವಿದೆ. 1974ರಲ್ಲಿ ವಿಸ್ಕಾನ್ಸಿನ್ ಸಂಸ್ಥಾನದ ಲೇಕ್ ಜಿನೀವಾ ಎಂಬ ಸಣ್ಣ ಊರಿನಿಂದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಎಂಬಿಬ್ಬರ ಈ ಆಟ ಹೊರಬಂತು. ಮೂರು ಸಣ್ಣ ಪುಸ್ತಿಕೆಗಳು, ಒಂದು ಪೆಟ್ಟಿಗೆ, ಬೆಲೆ 10 ಡಾಲರ್, ಮೊದಲ ಮುದ್ರಣದಲ್ಲಿ 1000 ಪ್ರತಿ. ಮೂರನೆಯ ಪುಸ್ತಿಕೆಯ ಕೊನೆಗೆ ಬಂದಾಗ ಕರ್ತೃಗಳು ಓದುಗರಿಗೆ ಕೊಟ್ಟ ಬುದ್ಧಿವಾದದ ತಾತ್ಪರ್ಯ ಹೀಗಿತ್ತು: ಸಂದೇಹ ಬಂದಲ್ಲಿ ನಿಮಗೆ ಸರಿಕಂಡಂತೆ ನೀವೇ ತೀರ್ಮಾನ ಮಾಡಿಕೊಳ್ಳಿ, ನಿಮ್ಮ ಪಾಲಿನ ಕಲ್ಪನೆಯ ಕೆಲಸವನ್ನೂ ನಾವೇ ಏಕೆ ಮಾಡಿಕೊಡಬೇಕು? ಒಬ್ಬ ಗ್ರಂಥಕರ್ತನು ತನ್ನ ಓದುಗನಿಗೆ ಇದಕ್ಕಿಂತ ದೊಡ್ಡ ಮರ್ಯಾದೆ ತೋರಿಸುವುದು ಸಾಧ್ಯವೆ? ಆದರೆ ಮರುವರ್ಷ, 1975ರಲ್ಲಿ, ಅದೇ ಮನೆಯಿಂದ ಮೊದಲನೆಯ ಪುರವಣಿ ಹೊರಟಿತು. ಹೆಸರು ಗ್ರೇಹಾಕ್. ಕಲ್ಪನೆಯನ್ನು ನೀವೇ ಮಾಡಿಕೊಳ್ಳಿ ಎಂದವರು ಕಲ್ಪನೆಗೆ ಬೆಲೆ ಕಟ್ಟಿ ಮಾರಲು ಬಹಳ ಕಾಲವೇನೂ ಹಿಡಿಯಲಿಲ್ಲ.

ಗೈಗ್ಯಾಕ್ಸರನ್ನು ಬೈಯಲು ಈ ಮಾತು ಹೇಳಲಿಲ್ಲ. ಅವರಿಗೂ ಹೆಂಡತಿ ಮಕ್ಕಳಿದ್ದರು. ಹೇಳಬೇಕಾದದ್ದು ಆ ಗ್ರೇಹಾಕ್ ಎಲ್ಲಿಂದ ಬಂತೆಂಬುದನ್ನು. ಅದು ಅವರ ಮನೆಯ ಆಟದಲ್ಲಿ, ಅವರ ಮಕ್ಕಳೂ ಸ್ನೇಹಿತರೂ ಕುಳಿತ ಮೇಜಿನ ಸುತ್ತ ಬೆಳೆದ ಫಸಲು. ಅದರಲ್ಲಿ ಹೊಸದಾಗಿ ಬಂದ ಕಳ್ಳನ ಪಾತ್ರವಂತೂ ಅವರದ್ದೂ ಅಲ್ಲ: ಕ್ಯಾಲಿಫೋರ್ನಿಯದ ಆಟಗಾರರು ತಾವೇ ಕಟ್ಟಿಕೊಂಡು ಆಡುತ್ತಿದ್ದದ್ದು ಟೆಲಿಫೋನಿನ ಮೂಲಕ ಗೈಗ್ಯಾಕ್ಸರ ಕಿವಿಗೆ ಬಿದ್ದದ್ದು. ಇಂದು ಕಳ್ಳನಿಲ್ಲದೆ ಈ ಆಟವನ್ನು ಊಹಿಸುವವರಿಲ್ಲ. ಅಂದರೆ, ಅಂಗಡಿಯವನು ನಿಮಗೆ ಮಾರುತ್ತಿರುವ ಬೆಣ್ಣೆ ನಿಮ್ಮ ಮನೆಯ ಮಜ್ಜಿಗೆಯಿಂದಲೇ ತೆಗೆದದ್ದು. ಕ್ಯಾಲಿಫೋರ್ನಿಯದ ಆ ಜನ ಪುರವಣಿಗಾಗಿ ಕಾದು ಕುಳಿತಿದ್ದರೆ ಕಳ್ಳನು ಹುಟ್ಟುತ್ತಲೇ ಇರಲಿಲ್ಲ.

ನಾಲ್ಕನೆಯ ಪುರವಣಿ 1976ರದು. ಅದು ದೇವತೆಗಳ ಪುಸ್ತಕ. ಗ್ರೀಕರು, ಈಜಿಪ್ಟಿನವರು, ಉತ್ತರ ಯೂರೋಪಿನವರು ಪೂಜಿಸಿದ ದೇವರುಗಳ ಸಂಗಡ ನಮ್ಮ ಭಾರತದ ದೇವತೆಗಳನ್ನೂ ಅದರಲ್ಲಿ ಸಾಲಾಗಿ ನಿಲ್ಲಿಸಿ, ಯಾರ ಮೈಯಲ್ಲಿ ಎಷ್ಟು ಏಟು ತಾಳುವ ಶಕ್ತಿಯಿದೆಯೆಂದು ಅಂಕಿ ಹಾಕಿದ್ದರು. ನಮ್ಮವರು ಇದನ್ನು ಕೇಳಿ ಕೆರಳಬಹುದು. ಕೆರಳುವ ಮುನ್ನ ಅದರ ಮುನ್ನುಡಿಯನ್ನು ತಿಳಿಯಬೇಕು. ಅದನ್ನು ಬರೆದ ಟಿಮ್ ಕ್ಯಾಸ್ಕ್ ಸಂಪಾದಕರು. ಆಟಗಾರರು ತಮ್ಮ ಪಾತ್ರಗಳನ್ನು ಲಂಗುಲಗಾಮಿಲ್ಲದೆ ಬಲಿಸುತ್ತಿದ್ದದ್ದನ್ನು ಕಂಡು ಬೇಸತ್ತವರು. ದೇವಾಧಿದೇವನಾದ ಓಡಿನ್ನನಿಗೇ ಇರುವುದು 300 ಎಂದಾದರೆ ನಿಮ್ಮ ನಲವತ್ತು ಚಿಲ್ಲರೆ ಮೆಟ್ಟಿಲು ಏರಿದ ವೀರರನ್ನು ಯಾರು ತಾನೆ ಗಂಭೀರವಾಗಿ ತೆಗೆದುಕೊಂಡಾರು ಎಂಬುದು ಅವರ ವ್ಯಂಗ್ಯ. ಇದೇ ಕೊನೆಯ ಪುರವಣಿ ಎಂದೂ ಅವರು ಸಾರಿದರು. ವ್ಯಂಗ್ಯ ಯಾರಿಗೂ ತಿಳಿಯಲಿಲ್ಲ. ಅಂಕಿಯನ್ನು ಕಂಡವರು, ಸರಿ, ಹಾಗಾದರೆ 301 ಏಟು ಹೊಡೆದರಾಯಿತು ಎಂದು ಲೆಕ್ಕ ಹಾಕಿದರು. 1980ರಲ್ಲಿ ಇನ್ನೂ ದಪ್ಪನಾದ ದೇವತೆಗಳ ಪುಸ್ತಕ ಬಂತು. ಇಂದ್ರನಿಗೂ ಅಗ್ನಿಗೂ ಅದರಲ್ಲಿ ಹೊಸ ಅಂಕಿಗಳು. ಕೊನೆಯ ಪುರವಣಿ ಬಂದು ಅರ್ಧ ಶತಮಾನವಾಗುತ್ತ ಬಂತು. ಪುರವಣಿಗಳು ಇನ್ನೂ ಬರುತ್ತಿವೆ.

1990ರ ದಶಕದಲ್ಲಿ ಈ ವ್ಯಾಪಾರ ಕಂಪನಿಯನ್ನೇ ನುಂಗಿತು. ಒಂದೊಂದು ಕಲ್ಪಿತ ಲೋಕಕ್ಕೂ ಒಂದೊಂದು ಪೆಟ್ಟಿಗೆ, ಒಂದೊಂದು ಪೆಟ್ಟಿಗೆಗೂ ಹತ್ತಾರು ಪುರವಣಿ. ಒಂದು ಲೋಕದ ಅಭಿಮಾನಿ ಇನ್ನೊಂದು ಲೋಕದ ಪುಸ್ತಕವನ್ನು ಮೂಸಿಯೂ ನೋಡಲೊಲ್ಲ. ಮಾರಾಟಗಾರರಿಗೆ ಪುಸ್ತಕ ಸಾಗಿಸಿದೊಡನೆ ಮುಂಗಡ ಹಣ ಕೈಗೆ ಬರುವ ಏರ್ಪಾಡು ಇದ್ದುದರಿಂದ, ಓದುವವರಿರಲಿ ಬಿಡಲಿ, ಅಚ್ಚು ಹಾಕಿದ್ದೇ ಹಾಕಿದ್ದು. ಮಾರದ ಪುಸ್ತಕಗಳು ಹಿಂದಿರುಗಿದಾಗ ಬಂದದ್ದು ಸಾಲ. 1997ರಲ್ಲಿ ಟಿ.ಎಸ್.ಆರ್. ಕಂಪನಿ ವಿಜರ್ಡ್ಸ್ ಆಫ್ ದಿ ಕೋಸ್ಟ್ ಎಂಬ ಇನ್ನೊಂದು ಕಂಪನಿಯ ಪಾಲಾಯಿತು. ಎರಡು ವರ್ಷಕ್ಕೆ ಅದೂ ಹ್ಯಾಸ್‌ಬ್ರೊ ಎಂಬ ಆಟಿಕೆಯ ದೈತ್ಯನ ಹೊಟ್ಟೆಗೆ ಹೋಯಿತು.

ಈಗ ಸ್ಪೆಲ್‌ಜ್ಯಾಮರಿಗೆ ಬರೋಣ. 1989ರಲ್ಲಿ ಜೆಫ್ ಗ್ರಬ್ ಎಂಬಾತ ಅದನ್ನು ಮೊದಲು ಬರೆದಾಗ ಅದರ ಸೊಗಸೇ ಬೇರೆ ಇತ್ತು. ಮಂತ್ರವಾದಿ ಒಂದು ಪೀಠದ ಮೇಲೆ ಕುಳಿತರೆ ಅವನ ಮಂತ್ರಶಕ್ತಿಯಿಂದ ಮರದ ಹಡಗು ನೆಲ ಬಿಟ್ಟೇಳುತ್ತದೆ. ಶಂಖದ ಆಕಾರದ ಹಡಗುಗಳು, ಮೀನಿನ ಆಕಾರದ ಹಡಗುಗಳು. ಒಂದೊಂದು ಲೋಕವೂ ಒಂದೊಂದು ಸ್ಫಟಿಕ ಗೋಳದೊಳಗೆ. ಗೋಳಗಳ ನಡುವೆ ಬಣ್ಣಬಣ್ಣದ, ಕಿಡಿ ತಾಗಿದರೆ ಹತ್ತಿಕೊಳ್ಳುವ ಒಂದು ವಾಯುಸಾಗರ. ಬ್ರಹ್ಮಾಂಡವೆಂದರೆ ಮೊಟ್ಟೆ, ಅಂಥ ಅಂಡಗಳು ಅನಂತ ಕೋಟಿ ಎಂದು ಹರಿಕಥೆಯಲ್ಲಿ ಕೇಳಿದ ನಮಗೆ ಇದೇನೂ ಅಪರಿಚಿತವಲ್ಲ. ಕೆಲವು ವರ್ಷ ನಡೆದು ಈ ಸಾಲು ನಿಂತುಹೋಯಿತು. 2000ದಲ್ಲಿ ಆಟದ ಮೂರನೆಯ ಆವೃತ್ತಿ, 2008ರಲ್ಲಿ ನಾಲ್ಕನೆಯದು, 2014ರಲ್ಲಿ ಐದನೆಯದು ಬಂದರೂ ಸ್ಪೆಲ್‌ಜ್ಯಾಮರ್ ತನ್ನದೇ ಆದ ಪೂರ್ಣ ಗ್ರಂಥವಾಗಿ ಮರಳಲಿಲ್ಲ.

ಆಗ ಅಭಿಮಾನಿಗಳು ಏನು ಮಾಡಿದರು? ಇದನ್ನು ಗಮನಿಸಬೇಕು. ಹಳೆಯ ಪೆಟ್ಟಿಗೆ ಇದ್ದವರು ಅದರ ಹಡಗುಗಳನ್ನು ಹೊಸ ಆವೃತ್ತಿಯ ನಿಯಮಗಳಿಗೆ ತಾವೇ ಹೊಂದಿಸಿಕೊಂಡರು. ಗೋಳಗಳಿಗೆ ಹೆಸರಿಟ್ಟರು, ನಕ್ಷೆ ಬರೆದರು, ಹಡಗಿನ ಯುದ್ಧಕ್ಕೆ ನಿಯಮ ಕಟ್ಟಿದರು, ಕಟ್ಟಿದ್ದನ್ನು ಒಬ್ಬರಿಗೊಬ್ಬರು ಪುಕ್ಕಟೆಯಾಗಿ ಹಂಚಿದರು. ಯಾವ ಕಂಪನಿಯೂ ನೋಡದ ಆ ವರ್ಷಗಳಲ್ಲಿ ಆ ಲೋಕ ಬದುಕಿದ್ದು ಅವರ ಮೇಜಿನ ಮೇಲೆ. 2022ರ ಏಪ್ರಿಲಿನಲ್ಲಿ, ಹೊಸ ಸ್ಪೆಲ್‌ಜ್ಯಾಮರ್ ಬರಲಿದೆ ಎಂಬ ಪ್ರಕಟಣೆ ಹೊರಟದ್ದೇ ತಡ, ಕೈಯಲ್ಲಿದ್ದ ಉಳಿಯನ್ನು ಕೆಳಗಿಟ್ಟು ಅನೇಕರು ಸರದಿಯಲ್ಲಿ ನಿಂತರು. ಈಗೇಕೆ ಆಡಬೇಕು, ಅಧಿಕೃತವಾದದ್ದು ಬರಲಿ ಎಂದರು. ಅಧಿಕೃತ! ಎಷ್ಟು ಹಾಳು ಮಾತು ಇದು! ನಿಮ್ಮ ಮೇಜಿನ ಮೇಲೆ ನೀವು ಕಟ್ಟಿದ ಕಥೆಗೆ ಸಿಯಾಟಲ್ಲಿನ ಹತ್ತಿರದ ಒಂದು ಕಚೇರಿಯ ಮೊಹರು ಬಿದ್ದರೇ ಅದು ಕಥೆಯೆ?

ಆಗಸ್ಟ್ 16ರಂದು ಪುಸ್ತಕ ಬಂತು. ಪೆಟ್ಟಿಗೆಯಲ್ಲಿ 64 ಪುಟದ ಮೂರು ಪುಸ್ತಕ: ಒಂದು ನಿಯಮಗಳದು, ಒಂದು ಪ್ರಾಣಿಗಳದು, ಒಂದು ಸಿದ್ಧ ಕಥೆಯದು. ಬೆಲೆ 69.99 ಡಾಲರ್. ಸ್ಫಟಿಕ ಗೋಳಗಳೂ ವಾಯುಸಾಗರವೂ ಮಾಯವಾಗಿದ್ದವು. ಹಡಗು ಹಡಗು ಕಾದಾಡುವುದಕ್ಕೆ ನಿಯಮ ಅತಿ ಸ್ವಲ್ಪ. ಹತ್ತಿರ ಬಂದಾಗ ಒಬ್ಬರ ಹಡಗಿಗೆ ಇನ್ನೊಬ್ಬರು ಜಿಗಿದು ಹೊಡೆದಾಡಿಕೊಳ್ಳುವುದು ಎಂಬಷ್ಟರಲ್ಲಿ ಕೆಲಸ ಮುಗಿಸಿದ್ದರು. ಕಾದವರ ದುಃಖವನ್ನು ಕೇಳಬೇಕೆ? ಇಷ್ಟು ಹಣ ತೆಗೆದುಕೊಂಡು ಹಡಗಿನ ಪುಸ್ತಕದಲ್ಲಿ ಹಡಗಿನ ಯುದ್ಧವಿಲ್ಲವೆಂದರೆ ಅದು ಮೋಸ ಎಂದರು. ಒಪ್ಪತಕ್ಕ ಮಾತೇ. ಕೊಟ್ಟ ಹಣಕ್ಕೆ ತಕ್ಕ ಸರಕು ಬೇಡವೆ? ಆದರೆ ಹಿಂದಿನ ವರ್ಷಗಳಲ್ಲಿ ಅಂಥ ನಿಯಮಗಳನ್ನು ತಾವೇ ಬರೆದುಕೊಂಡಿದ್ದವರೂ ಈ ಗೋಳಿನಲ್ಲಿ ದನಿಗೂಡಿಸಿದ್ದನ್ನು ನೆನೆದರೆ ನನಗೆ ಕನಿಕರವೂ ಬರುತ್ತದೆ, ನಗುವೂ ಬರುತ್ತದೆ. ನಿನ್ನೆಯವರೆಗೆ ಅಡುಗೆ ಮಾಡುತ್ತಿದ್ದವನು ಇಂದು ಹೋಟೆಲಿನಲ್ಲಿ ಕುಳಿತು ಸಾರಿಗೆ ಉಪ್ಪಿಲ್ಲವೆಂದು ಕೂಗುತ್ತಿದ್ದಾನೆ. ಉಪ್ಪು ಅವನ ಜೇಬಿನಲ್ಲೇ ಇದೆ.

ಇದಕ್ಕೆ ಪ್ರತಿಪಕ್ಷದವರು ಹೇಳುವುದನ್ನು ನಾನು ಬಲ್ಲೆ. “ನಮಗೆ ಉದ್ಯೋಗವಿದೆ, ಮಕ್ಕಳಿದ್ದಾರೆ. ಲೋಕವೊಂದನ್ನು ಮೊದಲಿಂದ ಸೃಷ್ಟಿಸಲು ಪುರುಸೊತ್ತೆಲ್ಲಿ? ಸಮರ್ಥರಾದವರು ದುಡಿದು ಬರೆದದ್ದನ್ನು ಕೊಂಡರೆ ತಪ್ಪೇನು? ಕಾದಂಬರಿ ಕೊಂಡು ಓದುವುದಿಲ್ಲವೆ?” ಈ ಮಾತಿನಲ್ಲಿ ಹುರುಳಿದೆ. ಆದರೆ ಕಾದಂಬರಿಯ ಓದುಗನು ಕಾದಂಬರಿ ಬರೆಯಲು ಕುಳಿತವನಲ್ಲ. ಈ ಆಟಗಾರನು ಬರೆಯಲು ಕುಳಿತವನು. ನಮ್ಮ ಕರಾವಳಿಯ ತಾಳಮದ್ದಳೆಯನ್ನು ಕೇಳಿದವರಿಗೆ ಈ ಭೇದವನ್ನು ಬಿಡಿಸಿ ಹೇಳಬೇಕಾಗಿಲ್ಲ.

ತಾಳಮದ್ದಳೆಯಲ್ಲಿಯೂ ವೇಷವಿಲ್ಲ, ರಂಗವಿಲ್ಲ; ಕುಳಿತ ನಾಲ್ಕಾರು ಜನ, ಒಬ್ಬೊಬ್ಬರಿಗೆ ಒಂದೊಂದು ಪಾತ್ರ, ನಡೆಸುವುದಕ್ಕೆ ಭಾಗವತರು. ಪ್ರಸಂಗದ ಪುಸ್ತಕವೆಂದರೆ ಪದ್ಯಗಳ ಒಂದು ತೆಳ್ಳನೆಯ ಕಟ್ಟು. ಭಾಗವತರು ಪದ್ಯ ಹಾಡಿ ಬಿಟ್ಟರೆ ಮುಂದಿನ ಮಾತು ಅರ್ಥಧಾರಿಯದು, ಅದು ಯಾವ ಪುಸ್ತಕದಲ್ಲೂ ಇಲ್ಲ. ವಾಲಿಯು ಸಾಯುತ್ತಾನೆಂಬುದು ಸಭೆಯಲ್ಲಿ ಕುಳಿತ ಎಳೆಯ ಮಗುವಿಗೂ ಗೊತ್ತು. ಜನ ನಿದ್ದೆಗೆಟ್ಟು ಕಾಯುವುದು, ಬಾಣ ತಗಲಿದ ಮೇಲೆ ವಾಲಿ ಇವತ್ತು ರಾಮನನ್ನು ಏನು ಕೇಳುತ್ತಾನೆ, ರಾಮ ಅದಕ್ಕೇನು ಹೇಳುತ್ತಾನೆ ಎಂಬುದಕ್ಕೆ. 2006ರಲ್ಲಿ ತೀರಿಕೊಂಡ ಶೇಣಿ ಗೋಪಾಲಕೃಷ್ಣ ಭಟ್ಟರಂಥವರು ವಾಲಿಯಾಗಿ ಕುಳಿತರೆ ಎದುರು ರಾಮನ ಅರ್ಥ ಹೇಳುವವರ ಎದೆ ನಡುಗಬೇಕಾಗಿತ್ತು. ಇಲ್ಲಿಯೂ ಮುಂಗಡ ಚರ್ಚೆಯುಂಟು: ನಾಡಿದ್ದು ಯಾರ ವಾಲಿ, ಯಾರ ರಾಮ, ಕಳೆದ ಸಲದ ಪ್ರಶ್ನೆಗೆ ಈ ಸಲವಾದರೂ ಉತ್ತರ ಬಂದೀತೆ? ಆದರೆ ಆ ಚರ್ಚೆ ಮನುಷ್ಯರ ಮಾತಿನ ಮೇಲೆ, ಅಚ್ಚಾಗಲಿರುವ ಪುಟಗಳ ಮೇಲಲ್ಲ. ಹೆಸರಾಂತ ಅರ್ಥಧಾರಿಗಳ ಮಾತನ್ನು ಅಚ್ಚು ಹಾಕಿಸಿದ್ದೂ ಉಂಟು. ಓದಲು ಬಲು ಸೊಗಸು. ಅದನ್ನು ಉರುಹೊಡೆದುಕೊಂಡು ಬಂದವನನ್ನು ಮಾತ್ರ ಎದುರಾಳಿ ಎರಡನೆಯ ಪ್ರಶ್ನೆಯಲ್ಲೇ ಮಣ್ಣು ಮುಕ್ಕಿಸುತ್ತಾನೆ. ಪುರುಸೊತ್ತಿನ ಮಾತಿಗೂ ಇಲ್ಲೇ ಉತ್ತರವಿದೆ. ಅರ್ಥ ಹೇಳುವವರಲ್ಲಿ ಶಾಲಾ ಮಾಸ್ತರರು, ಕೃಷಿಕರು, ವಕೀಲರು, ಬ್ಯಾಂಕಿನವರು ಎಲ್ಲರೂ ಇದ್ದಾರೆ. ತೆಳ್ಳನೆಯ ಪುಸ್ತಕವೇ ಅವರಿಗೆ ಪುರುಸೊತ್ತು ಕೊಟ್ಟದ್ದು. 192 ಪುಟ ಓದಿ ಮುಗಿಸಿ, ನೆನಪಿಟ್ಟು, ಆಮೇಲೆ ಬಾಯಿ ತೆರೆಯಬೇಕೆಂದಿದ್ದರೆ ಅವರು ಮನೆಯಲ್ಲೇ ಉಳಿಯುತ್ತಿದ್ದರು.

ಒಂದು ಆಕ್ಷೇಪಕ್ಕೆ ಮಾತ್ರ ನನ್ನಲ್ಲಿ ಉತ್ತರವಿಲ್ಲ. ಮೇಜಿನ ಸುತ್ತ ಕುಳ್ಳಿರಿಸಲು ನಾಲ್ಕು ಜನ ಸ್ನೇಹಿತರೇ ಇಲ್ಲದವನು ಏನು ಮಾಡಬೇಕು? ಪುರವಣಿಗಳನ್ನು ಕೊಂಡು, ಎಂದೂ ಆಡದೆ, ರಾತ್ರಿ ಹಾಸಿಗೆಯಲ್ಲಿ ಓದಿಕೊಂಡು, ಬರಲಿರುವುದರ ಬಗ್ಗೆ ದೂರದವರೊಡನೆ ವಾದಿಸುತ್ತ ತೃಪ್ತಿಪಡುವವರು ಇದ್ದಾರೆ. ಅವರ ಪಾಲಿಗೆ ಕಾಯುವುದೇ ಆಟ. ಅವರ ಕೈಯಿಂದ ಪುಸ್ತಕ ಕಿತ್ತುಕೊಳ್ಳುವಷ್ಟು ಕಲ್ಲೆದೆ ನನ್ನದಲ್ಲ.

ಅಭಿಮಾನಿಗಳ ಚರ್ಚೆಯೆಲ್ಲ ವ್ಯರ್ಥವೆಂದೂ ನಾನು ಹೇಳಲಾರೆ. ಅದೇ ಸ್ಪೆಲ್‌ಜ್ಯಾಮರಿನಲ್ಲಿ ಹಡೋಝೀ ಎಂಬ ವಾನರಜಾತಿಯೊಂದಿತ್ತು. ಮಂತ್ರವಾದಿಯೊಬ್ಬ ಹಿಡಿದು ತಂದು, ಗುಲಾಮರಾಗಿ ಮಾರಲೆಂದು ಬುದ್ಧಿ ಬರಿಸಿದ ಕೋತಿಗಳು ಅವು ಎಂದು ಹೊಸ ಪುಸ್ತಕ ಕಥೆ ಕಟ್ಟಿತ್ತು; ಜೊತೆಗೆ, ಕರಿಯರನ್ನು ಅಣಕಿಸುತ್ತಿದ್ದ ಹಿಂದಿನ ಕಾಲದ ಅಮೆರಿಕದ ನಾಟಕಗಳನ್ನು ನೆನಪಿಸುವಂಥ ಒಂದು ಚಿತ್ರ. ಕಂಪನಿಯ ಸಂಪಾದಕರ ಕಣ್ಣಿಗೆ ಬೀಳದ ಇದು ಓದುಗರ ಕಣ್ಣಿಗೆ ಎರಡು ವಾರದೊಳಗೆ ಬಿತ್ತು. ಸೆಪ್ಟೆಂಬರ್ 2ರಂದು ಕಂಪನಿ ಕ್ಷಮೆ ಕೇಳಿ ಆ ಭಾಗವನ್ನು ತೆಗೆದುಹಾಕಿತು. ಅಚ್ಚಾಗಿ ಮನೆ ಸೇರಿದ ಪ್ರತಿಗಳಲ್ಲಿ ಅದು ಇಂದಿಗೂ ಇದೆ. 2023ರ ಜನವರಿಯಲ್ಲಿ ನಡೆದದ್ದು ಇನ್ನೂ ದೊಡ್ಡದು. ಈ ಆಟಕ್ಕೆ ಯಾರು ಬೇಕಾದರೂ ಪುರವಣಿ ಬರೆದು ಮಾರಬಹುದೆಂದು 2000ದಲ್ಲಿ ಕೊಟ್ಟಿದ್ದ ಅನುಮತಿಪತ್ರವನ್ನು ರದ್ದುಮಾಡಿ, ವರ್ಷಕ್ಕೆ 7,50,000 ಡಾಲರಿಗಿಂತ ಹೆಚ್ಚು ಗಳಿಸಿದವರಿಂದ ಆ ಹೆಚ್ಚಿನದರಲ್ಲಿ ಕಾಲು ಭಾಗ ಕೀಳುವ ಕರಡೊಂದು ಬಯಲಿಗೆ ಬಿತ್ತು. ಸಣ್ಣ ಪುಟ್ಟ ಪ್ರಕಾಶಕರು ತಿರುಗಿಬಿದ್ದರು. ಅವರ ಹಿಂದೆ ಅಭಿಮಾನಿಗಳು ಕಂಪನಿಗೆ ಕಟ್ಟುತ್ತಿದ್ದ ಚಂದಾ ನಿಲ್ಲಿಸಿದರು. ಕಂಪನಿ ಅಭಿಪ್ರಾಯ ಕೇಳಿದಾಗ ಹತ್ತರಲ್ಲಿ ಒಂಬತ್ತರಷ್ಟು ಜನ ಹಳೆಯ ಪತ್ರದ ರದ್ದತಿಗೆ ವಿರುದ್ಧ. ಜನವರಿ 27ರಂದು ಕಂಪನಿ ಮಣಿದು, ಆಟದ ಮೂಲ ನಿಯಮಗಳನ್ನು ಎಲ್ಲರೂ ಬಳಸಬಹುದಾದ ಮುಕ್ತ ಪರವಾನಗಿಗೆ ಒಪ್ಪಿಸಿಬಿಟ್ಟಿತು. ಆ ಮೂರು ವಾರ ದಾರಿ ತೋರಿಸಿದವರು ಯಾರು? ಪುರವಣಿಗಾಗಿ ಕಾದವರಲ್ಲ, ಪುರವಣಿ ಬರೆಯುತ್ತಿದ್ದವರು.

ಹೀಗೆ ಮಣಿಸಿ ಪಡೆದ ಸ್ವಾತಂತ್ರ್ಯವನ್ನು ಏನು ಮಾಡಿದ್ದೇವೆ? ಬೆಂಗಳೂರಿನಲ್ಲಿಯೂ ಈ ಆಟವಾಡುವ ತರುಣರ ಗುಂಪುಗಳಿವೆ. 2022ರಲ್ಲಿ ಆ ಕಂಪನಿಯಿಂದ ಹದಿಮೂರು ಕಥೆಗಳ ಒಂದು ಸಂಕಲನ ಬಂದಿತ್ತು. ಅದರಲ್ಲಿ ಬಂಗಾಳವನ್ನು ನೆನಪಿಸುವ ನಾಡಿನ ಕಥೆಯೊಂದನ್ನು ಕೋಲ್ಕತ್ತದವರಾದ ಮಿಮಿ ಮೊಂಡಲ್ ಬರೆದಿದ್ದಾರೆ. ಅದನ್ನು ಕಂಡು ನಮ್ಮ ಹುಡುಗರಿಗೆ ಆಸೆ ಹುಟ್ಟಿದ್ದು ಸಹಜ. ನನ್ನ ಪರಿಚಯದ ಹುಡುಗನೊಬ್ಬ, ಮೊನ್ನೆ ಕಾಫಿ ಕುಡಿಯುತ್ತ, “ಸರ್, ವಿಜಯನಗರದ ಮೇಲೆ ಅವರು ಯಾವಾಗ ಒಂದು ಪುಸ್ತಕ ತರುತ್ತಾರೋ!” ಎಂದು ನಿಟ್ಟುಸಿರುಬಿಟ್ಟ. ಅವನ ತಾಯಿಯ ತವರು ಹಂಪೆಯ ಪಕ್ಕದ ಕಮಲಾಪುರ. ಬೇಸಿಗೆ ರಜೆಗಳನ್ನೆಲ್ಲ ಅವನು ಕಳೆದದ್ದು ಅಲ್ಲಿನ ಕೆರೆಯ ಏರಿಯ ಮೇಲೆ. ಯಾವ ಮಂಟಪದ ಹಿಂದೆ ಹಾವಿನ ಹುತ್ತವಿದೆ, ಯಾವ ಬಂಡೆಯ ಸಂದಿಯಲ್ಲಿ ನುಗ್ಗಿದರೆ ಆಚೆ ಬದಿಗೆ ಬರಬಹುದು ಎಂಬುದೆಲ್ಲ ಅವನಿಗೆ ಬಾಯಿಪಾಠ. ಬರುವ ಭಾನುವಾರದ ಆಟಕ್ಕೆ ಆ ಕೆರೆ, ಆ ಬಂಡೆಗಳೇ ಸಾಲವೇನಪ್ಪ ಎಂದೆ.

ಅವನು ಸ್ವಲ್ಪ ಹೊತ್ತು ಯೋಚಿಸಿದ. “ಸಾಕು ಸಾರ್. ಆದರೆ ಅದಕ್ಕೆ ನಿಯಮ ಎಲ್ಲಿದೆ?” ಎಂದ.